ಲಂಡನ್ನಿನಲ್ಲಿ ಕಮರ್ಷಿಯಲ್ ಬ್ಯಾರಿಸ್ಟರ್, ಜೊತೆಗೆ ಕಾನೂನು ಪಾಠ: ಎರಡೂ ಆಗುತ್ತದಾ?

ಪ್ರಶ್ನೆ: ಮೇಡಂ, ನಾನು ಹುಬ್ಬಳ್ಳಿಯಲ್ಲಿ ಐದು ವರ್ಷದ ಕಾನೂನು ಪದವಿಯ ನಾಲ್ಕನೇ ವರ್ಷದಲ್ಲಿದ್ದೇನೆ. ಕರಾರು ಕಾನೂನು ಅಂದರೆ ತುಂಬಾ ಇಷ್ಟ. ಜೂನಿಯರ್‌ಗಳಿಗೆ ಮೂಟ್ ಕೋರ್ಟಿಗೆ, ಅಂದರೆ ಕಾಲೇಜಿನ ಅಣಕು ವಾದದ ಸ್ಪರ್ಧೆಗೆ, ತಯಾರಿ ಮಾಡಿಸುವುದೂ ಅಷ್ಟೇ ಇಷ್ಟ. ಲಂಡನ್ನಿಗೆ ಹೋಗಿ ಕಮರ್ಷಿಯಲ್ ಬ್ಯಾರಿಸ್ಟರ್ ಆಗಬೇಕು, ಜೊತೆಗೆ ಪಾಠವನ್ನೂ ಮಾಡಬೇಕು ಅಂತ ಆಸೆ. ಧಾರವಾಡದಲ್ಲಿ ವಕೀಲರಾಗಿರುವ ಸೋದರಮಾವ ‘ಎರಡು ದೋಣಿ ಮೇಲೆ ಕಾಲಿಡಬೇಡ’ ಅನ್ನುತ್ತಾರೆ. ಇದು ಆಗುವ ಮಾತಾ? ದಾರಿ ಏನು, ಖರ್ಚು ಎಷ್ಟು?

ಉತ್ತರ: ನಿಮ್ಮ ಮಾವ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಒಂದೇ ವಾರದಲ್ಲಿ ಎರಡನ್ನೂ ಸರಿಸಮವಾಗಿ ನಡೆಸುತ್ತೇನೆ ಅಂದರೆ ಆಗುವುದಿಲ್ಲ. ಒಂದೇ ಬದುಕಿನಲ್ಲಿ ಎರಡನ್ನೂ ಮಾಡಿದವರು ಮಾತ್ರ ಬೇಕಾದಷ್ಟು ಜನ ಇದ್ದಾರೆ. ಇಂಗ್ಲೆಂಡಿನ ಕರಾರು ಕಾನೂನನ್ನು ಈಗಿನ ರೂಪಕ್ಕೆ ತಂದವರಲ್ಲಿ ಕೆಲವರು ಅಂಥವರೇ. ಯಾವ ವಯಸ್ಸಿನಲ್ಲಿ ಯಾವುದು ಅನ್ನುವುದರಲ್ಲೇ ಎಲ್ಲ ಇದೆ.

ಮೊದಲು ಈ ಕೆಲಸ ಏನು ಅಂತ ನೋಡೋಣ. ನಮ್ಮಲ್ಲಿ ಸನ್ನದು ಸಿಕ್ಕಿತು ಅಂದರೆ ಕಕ್ಷಿದಾರರನ್ನು ಕೂರಿಸಿ ಮಾತಾಡುವುದು, ನೋಟಿಸ್ ಕಳಿಸುವುದು, ವಕಾಲತ್ತು ಹಾಕುವುದು, ವಾದ ಮಾಡುವುದು, ಫೀಸು ಕೇಳುವುದು ಎಲ್ಲ ಒಬ್ಬರ ತಲೆ ಮೇಲೆಯೇ. ಇಂಗ್ಲೆಂಡಿನಲ್ಲಿ ಹಾಗಲ್ಲ. ಕಕ್ಷಿದಾರರ ಜೊತೆ ದಿನನಿತ್ಯದ ವ್ಯವಹಾರ ಸಾಲಿಸಿಟರ್‌ನದು. ವಾದ ಮಾಡಲು, ದಾವೆಯ ಕಾಗದ ಬರೆಯಲು, ಕಷ್ಟದ ಪ್ರಶ್ನೆಗೆ ಅಭಿಪ್ರಾಯ ಕೊಡಲು ಅವರು ಬ್ಯಾರಿಸ್ಟರ್ ಹತ್ತಿರ ಬರುತ್ತಾರೆ. ಹೆಚ್ಚಿನ ಬ್ಯಾರಿಸ್ಟರ್‌ಗಳು ಯಾರ ನೌಕರರೂ ಅಲ್ಲ. ‘ಚೇಂಬರ್ಸ್’ ಅಂತ ಒಂದು ಕಟ್ಟಡದಲ್ಲಿ ಸೇರಿಕೊಂಡು ಬಾಡಿಗೆ, ಸಿಬ್ಬಂದಿ ಖರ್ಚು ಹಂಚಿಕೊಳ್ಳುತ್ತಾರೆ. ಸಂಪಾದನೆ ಅವರವರದು. ಒಂದೇ ಚೇಂಬರ್ಸಿನ ಇಬ್ಬರು ಒಂದೇ ಕೇಸಿನಲ್ಲಿ ಎದುರಾಬದುರಾ ನಿಂತು ವಾದಿಸುವುದೂ ಅಲ್ಲಿ ಮಾಮೂಲು.

ಚೇಂಬರ್ಸಿನ ನಿಜವಾದ ಯಜಮಾನ ಕ್ಲರ್ಕ್. ಹೆಸರು ಕೇಳಿ ನಮ್ಮ ಗುಮಾಸ್ತರ ಥರ ಅಂದುಕೊಳ್ಳಬೇಡಿ. ಯಾರ ಕೇಸು ಯಾರಿಗೆ, ಫೀಸು ಎಷ್ಟು, ಯಾವ ದಿನ ಯಾರು ಖಾಲಿ, ಎಲ್ಲ ಅವರ ಕೈಯಲ್ಲಿ. ನಿಮ್ಮ ಪಾಠದ ಆಸೆಗೆ ಮೊದಲ ಅಡ್ಡಿ ಬರುವುದು ಇವರಿಂದಲೇ. ನೀವು ‘ಮಂಗಳವಾರ ಮಧ್ಯಾಹ್ನ ಕ್ಲಾಸ್ ಇದೆ’ ಅನ್ನುತ್ತೀರಿ. ಅವರು ‘ಮಂಗಳವಾರ ಬೆಳಿಗ್ಗೆಯಿಂದ ತಡೆಯಾಜ್ಞೆಯ ಅರ್ಜಿ ಇದೆ’ ಅನ್ನುತ್ತಾರೆ. ಗೆಲ್ಲುವವರು ಯಾರು ಅಂತ ಹೇಳಬೇಕಾಗಿಲ್ಲ.

ಈ ಕೇಸುಗಳು ನಡೆಯುವ ಮುಖ್ಯ ಜಾಗ ಲಂಡನ್ನಿನ ಕಮರ್ಷಿಯಲ್ ಕೋರ್ಟ್. 1895ರಲ್ಲಿ ಶುರುವಾಯಿತು, ಈಗ ಫೆಟರ್ ಲೇನ್‌ನ ರೋಲ್ಸ್ ಬಿಲ್ಡಿಂಗ್‌ನಲ್ಲಿದೆ. ಅದು ಹುಟ್ಟಿದ ಬಗ್ಗೆ ಅಲ್ಲಿನ ವಕೀಲರು ಈಗಲೂ ಒಂದು ಕಥೆ ಹೇಳಿ ನಗುತ್ತಾರೆ. ಉಣ್ಣೆ ತುಂಬಿದ್ದ ಹಡಗೊಂದು ಒಡೆಯಿತು. ಆದ ಖರ್ಚನ್ನು ಹಡಗಿನವರೂ ಸರಕಿನವರೂ ಹೇಗೆ ಹಂಚಿಕೊಳ್ಳಬೇಕು ಅನ್ನುವ ತಲೆನೋವಿನ ಲೆಕ್ಕ ಜಸ್ಟಿಸ್ ಲಾರೆನ್ಸ್ ಅವರ ಮುಂದೆ ಬಂತು. ಅವರಿಗೆ ಈ ವ್ಯವಹಾರದ ಗಂಧಗಾಳಿ ಇರಲಿಲ್ಲವಂತೆ. ತೀರ್ಪು ತಿಂಗಳುಗಟ್ಟಲೆ ಬರಲೇ ಇಲ್ಲ, ಬಂದಾಗ ಅದರಲ್ಲಿ ಹುರುಳಿರಲಿಲ್ಲ. ಮೊದಲೇ ಬೇಸತ್ತಿದ್ದ ವ್ಯಾಪಾರಿಗಳು ವ್ಯವಹಾರ ಗೊತ್ತಿರುವ ಜಡ್ಜ್ ಬೇಕು ಅಂತ ಪಟ್ಟು ಹಿಡಿದರು. ಹಾಗೆ ವ್ಯಾಪಾರದ ಕೇಸುಗಳಿಗೆಂದೇ ಶುರುವಾದ ಹೊಸ ಪಟ್ಟಿಯ ಮೊದಲ ಜಡ್ಜ್ ಜಸ್ಟಿಸ್ ಮ್ಯಾಥ್ಯೂ. ಈಗಲೂ ಅಲ್ಲಿ ನಡೆಯುವುದು ಹಡಗಿನ ಬಾಡಿಗೆ, ವಿಮೆ, ಬ್ಯಾಂಕು, ಸರಕು ಮಾರಾಟ, ಆರ್ಬಿಟ್ರೇಷನ್ (ಕೋರ್ಟಿನ ಹೊರಗಿನ ಪಂಚಾಯ್ತಿ) ತಕರಾರುಗಳೇ. ಕಕ್ಷಿದಾರರು ಹೆಚ್ಚಾಗಿ ಬೇರೆ ದೇಶದವರು. ಕರಾರಿನಲ್ಲಿ ‘ಇಂಗ್ಲಿಷ್ ಕಾನೂನು ಅನ್ವಯ’ ಅಂತ ಒಂದು ಸಾಲು ಇರುತ್ತದೆ, ಆ ಸಾಲಿನಿಂದಲೇ ಇಷ್ಟು ಜನರಿಗೆ ಅನ್ನ.

ಪಾಠಕ್ಕೂ ವಕೀಲಿಕೆಗೂ ಏನು ನಂಟು ಅಂತ ತೋರಿಸಲು ‘ಅಕಿಲಿಯಸ್’ ಹಡಗಿನ ಕೇಸೇ ಸಾಕು. ಬಾಡಿಗೆಗೆ ಹೋದ ಆ ಹಡಗು 2004ರ ಮೇ 2ರೊಳಗೆ ವಾಪಸ್ ಬರಬೇಕಿತ್ತು. ಮಾಲೀಕರು ಅದನ್ನು ನಂಬಿ ಮುಂದಿನ ಬಾಡಿಗೆದಾರರ ಜೊತೆ ದಿನಕ್ಕೆ 39,500 ಡಾಲರಿಗೆ ಮಾತಾಡಿಕೊಂಡರು. ಮೇ 8ರೊಳಗೆ ಹಡಗು ಸಿಗದಿದ್ದರೆ ಅವರು ಬಿಟ್ಟು ಹೋಗಬಹುದಿತ್ತು. ಹಡಗು ಬಂದಿದ್ದು ಮೇ 11ಕ್ಕೆ. ಅಷ್ಟರಲ್ಲಿ ಮಾರುಕಟ್ಟೆ ದರ ದಬದಬ ಬಿದ್ದಿತ್ತು. ಹೊಸ ಬಾಡಿಗೆದಾರರನ್ನು ಉಳಿಸಿಕೊಳ್ಳಲು ದಿನಕ್ಕೆ 31,500ಕ್ಕೆ ಇಳಿಯಬೇಕಾಯಿತು. ಮಾಲೀಕರು ಆ ಹೊಸ ಬಾಡಿಗೆಯ ಇಡೀ ಅವಧಿಯ ನಷ್ಟ ಕೊಡಿ ಅಂದರು: 13 ಲಕ್ಷದ 64 ಸಾವಿರ ಡಾಲರ್ ಚಿಲ್ಲರೆ. ಬಾಡಿಗೆಗೆ ತೆಗೆದುಕೊಂಡಿದ್ದವರು ತಡವಾದ 9 ದಿನಕ್ಕೆ ಮಾರುಕಟ್ಟೆ ದರದ ವ್ಯತ್ಯಾಸ ಮಾತ್ರ ಕೊಡುತ್ತೇವೆ ಅಂದರು: 1 ಲಕ್ಷದ 58 ಸಾವಿರ ಚಿಲ್ಲರೆ.

ಆರ್ಬಿಟ್ರೇಟರ್‌ಗಳಲ್ಲಿ ಹೆಚ್ಚಿನವರು ಮಾಲೀಕರ ಪರ. ಹೈಕೋರ್ಟ್, ಅಪೀಲು ಕೋರ್ಟ್ ಕೂಡ ಅವರ ಪರವೇ. 2008ರಲ್ಲಿ, ಆಗಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ತಿರುಗಿಸಿ ಹಾಕಿತು. ನೀವು ಮೊದಲ ವರ್ಷದಲ್ಲಿ ಓದಿದ 1854ರ ಹ್ಯಾಡ್ಲಿ–ಬ್ಯಾಕ್ಸೆಂಡೇಲ್ ತತ್ವ ಇದೆಯಲ್ಲ, ‘ಮುಂದೆ ಏನಾಗಬಹುದು ಅಂತ ಕರಾರು ಮಾಡುವಾಗ ಊಹಿಸಬಹುದಾಗಿತ್ತಾ’ ಅನ್ನುವುದು, ಅದಷ್ಟೇ ಸಾಲದು ಅಂದರು ಅಲ್ಲಿನ ಜಡ್ಜ್ ಲಾರ್ಡ್ ಹಾಫ್‌ಮನ್. ಆ ವ್ಯಾಪಾರದ ರೂಢಿ ನೋಡಿದರೆ ಇಂಥ ನಷ್ಟದ ಹೊಣೆಯನ್ನು ಇವರು ಹೊತ್ತುಕೊಂಡಿದ್ದರು ಅನ್ನಬಹುದಾ ಅಂತ ಕೇಳಿದರು. ಹಾಗೆ ಕೇಳುವಾಗ ಕಾನೂನು ಅಧ್ಯಾಪಕರ ಲೇಖನಗಳನ್ನು ಹೆಸರು ಹಿಡಿದು ಉಲ್ಲೇಖಿಸಿದರು. ಕ್ಲಾಸ್‌ರೂಮಿನ ಚರ್ಚೆ ಹೀಗೆ 12 ಲಕ್ಷ ಡಾಲರಿನ ವ್ಯತ್ಯಾಸವಾಗಿ ಹೊರಗೆ ಬಂತು. ತೀರ್ಪು ಸರಿಯಾ ಅಂತ ಇವತ್ತಿಗೂ ಜಗಳ ಇದೆ. ನನ್ನ ಕೇಳಿದರೆ ಫಲಿತಾಂಶ ಸರಿ, ಕೊಟ್ಟ ಕಾರಣ ಸ್ವಲ್ಪ ಜಾಳು. ಹೊಣೆ ಯಾರು ಹೊತ್ತರು ಅನ್ನುವುದನ್ನು ಮುಂಚೆಯೇ ಹೇಳುವುದು ವಕೀಲರಿಗೆ ಕಷ್ಟ.

ಹಾಫ್‌ಮನ್ ಅವರೇ ನಿಮ್ಮ ಪ್ರಶ್ನೆಗೆ ಒಂದು ಉತ್ತರ. ಕೇಪ್‌ಟೌನಿನವರು. 1961ರಿಂದ 1973ರ ತನಕ ಆಕ್ಸ್‌ಫರ್ಡಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫೆಲೋ ಆಗಿ ಕಾನೂನು ಕಲಿಸಿದರು. 1964ರಲ್ಲಿ ಬ್ಯಾರಿಸ್ಟರ್ ಆದರು. ಅಂದರೆ ಸುಮಾರು ಒಂಬತ್ತು ವರ್ಷ ಎರಡೂ ಜೊತೆಯಲ್ಲಿ. ಆಮೇಲೆ ವಕೀಲಿಕೆ ಬೆಳೆದು ಪಾಠ ಬಿಟ್ಟರು.

ಎರಡನೆಯವರು ರಾಬರ್ಟ್ ಗಾಫ್. 1951ರಿಂದ 1955ರ ತನಕ ಆಕ್ಸ್‌ಫರ್ಡಿನ ಲಿಂಕನ್ ಕಾಲೇಜಿನಲ್ಲಿ ಮೇಷ್ಟರು, ಆಮೇಲೆ ಪೂರಾ ಕಮರ್ಷಿಯಲ್ ವಕೀಲರು. ತಲೆಯಲ್ಲಿ ಒಂದು ವಿಷಯ ಮಾತ್ರ ಕೊರೆಯುತ್ತಲೇ ಇತ್ತು: ಕರಾರೂ ಇಲ್ಲದೆ, ತಪ್ಪೂ ಇಲ್ಲದೆ ಒಬ್ಬರ ಹಣ ಇನ್ನೊಬ್ಬರ ಕೈ ಸೇರಿದರೆ ವಾಪಸ್ ಕೇಳುವ ಹಕ್ಕು ಯಾವುದು? ಕೇಂಬ್ರಿಡ್ಜ್‌ನ ಗ್ಯಾರೆತ್ ಜೋನ್ಸ್ ಜೊತೆ ಸೇರಿ 1966ರಲ್ಲಿ ಇದರ ಮೇಲೆ ಪುಸ್ತಕ ತಂದರು. 25 ವರ್ಷ ಆದಮೇಲೆ, 1991ರಲ್ಲಿ, ಅದೇ ಪ್ರಶ್ನೆ ಕೇಸಾಗಿ ಅವರ ಮುಂದೆಯೇ ಬಂತು. ಆಗ ಅವರು ಲಾರ್ಡ್ ಗಾಫ್. ಸಾಲಿಸಿಟರ್ ಸಂಸ್ಥೆಯ ಪಾಲುದಾರನೊಬ್ಬ ಕಕ್ಷಿದಾರರ ಖಾತೆಯಿಂದ ಹಣ ಎತ್ತಿ ಲಂಡನ್ನಿನ ಪ್ಲೇಬಾಯ್ ಕ್ಲಬ್ಬಿನಲ್ಲಿ ಜೂಜಾಡಿ ಕಳೆದಿದ್ದ. ಕ್ಲಬ್ಬಿನವರಿಗೆ ಅದು ಕದ್ದ ಹಣ ಅಂತ ಗೊತ್ತಿರಲಿಲ್ಲ. ಹಾಗಿದ್ದರೂ, ಅವನು ಗೆದ್ದಾಗ ಕೊಟ್ಟಿದ್ದನ್ನು ಕಳೆದು ಉಳಿದದ್ದನ್ನು ವಾಪಸ್ ಕೊಡಿ ಅಂತ ತೀರ್ಪಾಯಿತು. ಇಂಥ ಹಕ್ಕು ಇದೆ ಅಂತ ಇಂಗ್ಲೆಂಡಿನ ಅತ್ಯುನ್ನತ ಕೋರ್ಟ್ ಬಾಯಿಬಿಟ್ಟು ಒಪ್ಪಿಕೊಂಡಿದ್ದು ಆಗಲೇ. ಇದರ ಹತ್ತಿರದ ಮಾತು ನಮ್ಮ 1872ರ ಕರಾರು ಕಾಯ್ದೆಯ 70 ಮತ್ತು 72ನೇ ಸೆಕ್ಷನ್‌ಗಳಲ್ಲಿ ಆಗಲೇ ಇದೆ. ಇಂಟರ್‌ವ್ಯೂನಲ್ಲಿ ಇದನ್ನು ಹೇಳಿ ನೋಡಿ, ಎದುರಿಗಿರುವವರು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬರುತ್ತಾರೆ.

ಮೂರನೆಯವರು ಆಂಡ್ರ್ಯೂ ಬರೋಸ್. ಬದುಕಿನ ಬಹುಪಾಲು ಪ್ರಾಧ್ಯಾಪಕರೇ. ಜೊತೆಗೆ ಫೌಂಟನ್ ಕೋರ್ಟ್ ಚೇಂಬರ್ಸಿನಲ್ಲಿ ‘ಡೋರ್ ಟೆನೆಂಟ್’ ಆಗಿದ್ದರು. ಬಾಗಿಲ ಮೇಲಿನ ಪಟ್ಟಿಯಲ್ಲಿ ಹೆಸರು ಇರುತ್ತದೆ, ಒಳಗೆ ಖಾಯಂ ಕೂರುವ ಜಾಗ ಇರುವುದಿಲ್ಲ. ಕಷ್ಟದ ಪ್ರಶ್ನೆ ಬಂದಾಗ ಕರೆಯುತ್ತಾರೆ. 2020ರಲ್ಲಿ ಅವರು ಆಕ್ಸ್‌ಫರ್ಡಿನಿಂದ ನೇರವಾಗಿ ಬ್ರಿಟನ್ನಿನ ಸುಪ್ರೀಂ ಕೋರ್ಟಿಗೆ ಹೋದರು.

ಮೂವರಲ್ಲಿ ಒಬ್ಬರೂ ವಕೀಲಿಕೆಯ ನಡುಹರೆಯದಲ್ಲಿ ಎರಡನ್ನೂ ಸಮಸಮ ಹೊತ್ತಿಲ್ಲ ನೋಡಿ. ಟೆನೆನ್ಸಿ, ಅಂದರೆ ಚೇಂಬರ್ಸಿನಲ್ಲಿ ಖಾಯಂ ಜಾಗ, ಸಿಕ್ಕಿದ ಮೇಲಿನ ಹತ್ತು ವರ್ಷ ಬಲು ಬಿಗಿ. ಜೂನಿಯರ್ ಆಗಿ ದೊಡ್ಡ ಆರ್ಬಿಟ್ರೇಷನ್ನಿನಲ್ಲಿ ಸಿಕ್ಕಿಕೊಂಡರೆ ದಾಖಲೆಗಳು ಲಕ್ಷಗಟ್ಟಲೆ. ಬರವಣಿಗೆ ಮಾತ್ರ ಚಿಕ್ಕದಾಗಿರಬೇಕು. ದಾವೆಪತ್ರ 25 ಪುಟ ದಾಟಬೇಕಾದರೆ ಕಮರ್ಷಿಯಲ್ ಕೋರ್ಟಿನ ಅನುಮತಿ ಬೇಕು. ಮುನ್ನೂರು ಪುಟದ ಜಗಳವನ್ನು 25ಕ್ಕೆ ಇಳಿಸುವುದರಲ್ಲಿ ರಾತ್ರಿಗಳು ಹೋಗುತ್ತವೆ. ಆ ಹೊತ್ತಲ್ಲಿ ಪಾಠ ಅಂದರೆ ವಾರಕ್ಕೆ ಒಂದು ಟ್ಯುಟೋರಿಯಲ್ ಸಿಕ್ಕರೆ ಪುಣ್ಯ. ಇಬ್ಬರು ಮೂವರು ಹುಡುಗರನ್ನು ಎದುರಿಗೆ ಕೂರಿಸಿಕೊಂಡು ಅವರ ಪ್ರಬಂಧವನ್ನು ಸಾಲುಸಾಲಾಗಿ ಪ್ರಶ್ನಿಸುವ ಆಕ್ಸ್‌ಫರ್ಡ್–ಕೇಂಬ್ರಿಡ್ಜ್ ಪದ್ಧತಿ ಅದು. ಸಂಬಳ ಅಷ್ಟಕ್ಕಷ್ಟೇ. ಅಲ್ಲಿ ಕಮರ್ಷಿಯಲ್ ವಕೀಲರು ದುಡ್ಡಿಗೆ ಪಾಠ ಮಾಡುವುದಿಲ್ಲ.

ಇನ್ನೊಂದು ಥರದ ಪಾಠ ಇದೆ. ಮೂಟ್ ಕಲಿಸುವ ನಿಮಗೆ ಅದೇ ಹೆಚ್ಚು ಹಿಡಿಸೀತು. ಲಂಡನ್ನಿನಲ್ಲಿ ಲಿಂಕನ್ಸ್ ಇನ್, ಗ್ರೇಸ್ ಇನ್, ಇನ್ನರ್ ಟೆಂಪಲ್, ಮಿಡಲ್ ಟೆಂಪಲ್ ಅಂತ ನಾಲ್ಕು ಇನ್‌ಗಳಿವೆ. ಬ್ಯಾರಿಸ್ಟರ್ ಆಗುವವರು ಒಂದಕ್ಕೆ ಸೇರಲೇಬೇಕು. ಕೆಲಸದಲ್ಲಿರುವ ವಕೀಲರು ಸಂಜೆ, ವಾರಾಂತ್ಯ ಅಲ್ಲಿಗೆ ಬಂದು ಬಿಟ್ಟಿಯಾಗಿ ವಾದ ಮಾಡುವುದನ್ನು ಕಲಿಸುತ್ತಾರೆ. ಪದ್ಧತಿಗೆ ಹ್ಯಾಂಪೆಲ್ ಅಂತ ಆಸ್ಟ್ರೇಲಿಯಾದ ವಕೀಲರೊಬ್ಬರ ಹೆಸರಿದೆ. ಹುಡುಗಿಯೊಬ್ಬಳು ಸಾಕ್ಷಿಗೆ ಪಾಟೀಸವಾಲು ಹಾಕುತ್ತಿದ್ದಾಳೆ ಅನ್ನಿ. ‘ನೀವು ಆವತ್ತು ಆಫೀಸಿನಲ್ಲಿದ್ದಿರಿ, ಕರಾರು ಓದಿದಿರಿ, ಸಹಿ ಹಾಕಿದಿರಿ, ಅಲ್ವಾ?’ ಅಂತ ಕೇಳುತ್ತಾಳೆ. ಕಲಿಸುವವರು ಅವಳ ಹತ್ತು ತಪ್ಪುಗಳಲ್ಲಿ ಒಂದನ್ನೇ ಹಿಡಿಯಬೇಕು. ಮೊದಲು ಒಂದೇ ಸಾಲು: ‘ಪ್ರಶ್ನೆಗೊಂದೇ ಸಂಗತಿ.’ ಆಮೇಲೆ ಅವಳು ಆಡಿದ ಮಾತನ್ನು ಬರೆದಿಟ್ಟುಕೊಂಡು ಅಕ್ಷರಶಃ ಅವಳಿಗೇ ಓದಿ ಹೇಳಬೇಕು. ಯಾಕೆ ತಪ್ಪು ಅಂತ ಹೇಳಬೇಕು: ಸಾಕ್ಷಿ ‘ಇಲ್ಲ’ ಅಂದರೆ ಮೂರರಲ್ಲಿ ಯಾವುದು ಇಲ್ಲ ಅಂತ ನಿನಗೆ ಗೊತ್ತಾಗುವುದಿಲ್ಲ. ಸರಿ ಮಾಡುವುದು ಹೇಗೆ ಅಂತ ಹೇಳಬೇಕು, ತಾವೇ ಎದ್ದು ಮಾಡಿ ತೋರಿಸಬೇಕು, ಕೊನೆಗೆ ಅವಳ ಕೈಲಿ ಮತ್ತೆ ಮಾಡಿಸಬೇಕು. ಎಲ್ಲ ಸೇರಿ ಹತ್ತು ನಿಮಿಷದೊಳಗೆ. ‘ಚೆನ್ನಾಗಿತ್ತು, ಇನ್ನೂ ಆತ್ಮವಿಶ್ವಾಸ ಬೇಕು’ ಅಂತ ಬೆನ್ನು ತಟ್ಟುವ ನಮ್ಮ ಮೂಟ್ ಜಡ್ಜ್‌ಗಳು ಇದನ್ನು ಒಮ್ಮೆ ನೋಡಬೇಕು. ನಿಮ್ಮ ಜೂನಿಯರ್‌ಗಳ ಮೇಲೆ ನಾಳೆಯೇ ಪ್ರಯೋಗ ಮಾಡಿ.

ನಮ್ಮ ದೇಶದ್ದೇ ಒಂದು ಉದಾಹರಣೆ ಬೇಕಾದರೆ ಅಂಬೇಡ್ಕರ್. 1922ರಲ್ಲಿ ಗ್ರೇಸ್ ಇನ್‌ನಿಂದ ಬ್ಯಾರಿಸ್ಟರ್ ಆಗಿ, ಮುಂಬೈಗೆ ಬಂದು ಬೋರ್ಡ್ ಹಾಕಿದರು. ಕೇಸುಗಳು ಸರಿಯಾಗಿ ಬರಲಿಲ್ಲ. ಜಾತಿ ಅಡ್ಡ ಬರುತ್ತಿತ್ತು. 1925ರಿಂದ 1928ರ ತನಕ ಬಾಟ್ಲಿಬಾಯ್ ಅವರ ಅಕೌಂಟೆನ್ಸಿ ಸಂಸ್ಥೆಯಲ್ಲಿ ಅರೆಕಾಲಿಕವಾಗಿ ಮರ್ಕಂಟೈಲ್ ಲಾ ಪಾಠ ಮಾಡಿದರು. ಅಂದರೆ ನೀವು ಇಷ್ಟಪಡುವ ಇದೇ ವಿಷಯ. ಆಮೇಲೆ ಸರ್ಕಾರಿ ಲಾ ಕಾಲೇಜಿನಲ್ಲಿ ಪ್ರೊಫೆಸರ್, 1935ರಲ್ಲಿ ಅಲ್ಲೇ ಪ್ರಿನ್ಸಿಪಾಲ್. ಅವರಿಗೆ ಪಾಠ ಅಂದರೆ ತಿಂಗಳ ಖರ್ಚೂ ಹೌದು.

ಭಾರತದಲ್ಲೇ ಉಳಿದರೂ ನಿಮ್ಮ ಆಸೆಗೆ ಕಾನೂನಿನ ಅಡ್ಡಿ ಇಲ್ಲ. 1979ರ ನಿಯಮದ ಪ್ರಕಾರ ವಕೀಲರು ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಪಾಠ ಮಾಡಬಹುದು. ಪೂರ್ಣಾವಧಿ ಅಧ್ಯಾಪಕರಾದರೆ ಮಾತ್ರ ವಕೀಲಿಕೆ ಬಿಡಬೇಕು. ಇಂಗ್ಲೆಂಡಿನಲ್ಲಿ ಈ ಗಂಟೆಯ ಲೆಕ್ಕ ಇಲ್ಲ. ಬರೋಸ್ ಥರದವರು ಇಲ್ಲಿ ಇಲ್ಲದಿರಲು ಇದೂ ಒಂದು ಕಾರಣ. ಈ ನಿಯಮ ಸಡಿಲವಾಗಬೇಕು ಅನ್ನುವವರಲ್ಲಿ ನಾನೂ ಒಬ್ಬಳು. ಕೇಸಿಗೇನೂ ಇಲ್ಲಿ ಬರ ಇಲ್ಲ. 2018ರಲ್ಲಿ ನಮ್ಮ ಕಮರ್ಷಿಯಲ್ ಕೋರ್ಟಿಗೆ ಹೋಗಲು ಬೇಕಾದ ಕನಿಷ್ಠ ಮೊತ್ತವನ್ನು ಒಂದು ಕೋಟಿಯಿಂದ ಮೂರು ಲಕ್ಷಕ್ಕೆ ಇಳಿಸಿದ ಮೇಲೆ ಬೆಂಗಳೂರಿನಲ್ಲಿ ಈ ಕೆಲಸ ರಾಶಿ ಬಿದ್ದಿದೆ.

ಲಂಡನ್ನೇ ಬೇಕು ಅಂದರೆ ದಾರಿ ಹೀಗೆ. ಇಂಗ್ಲಿಷ್ ಕಾನೂನಿನ ಅಡಿಪಾಯದ ವಿಷಯಗಳು, ಬ್ಯಾರಿಸ್ಟರ್ ತರಬೇತಿಯ ಬಾರ್ ಕೋರ್ಸ್, ಆಮೇಲೆ ಪ್ಯುಪಿಲೇಜ್. ಪ್ಯುಪಿಲೇಜ್ ಅಂದರೆ ಸೀನಿಯರ್ ಒಬ್ಬರ ಪಕ್ಕ ಒಂದು ವರ್ಷ. ಮೊದಲ ಆರು ತಿಂಗಳು ನೋಡಿ ಕಲಿಯುವುದು, ಉಳಿದ ಆರರಲ್ಲಿ ಸ್ವಂತ ಕೇಸು ಹಿಡಿಯಬಹುದು. ವರ್ಷದ ಕೊನೆಗೆ ಚೇಂಬರ್ಸಿನವರು ಒಪ್ಪಿದರೆ ಟೆನೆನ್ಸಿ. ನಮ್ಮ ಪದವಿಯನ್ನು ಅಲ್ಲಿ ಇಂಗ್ಲಿಷ್ ಪದವಿಗೆ ಸಮ ಅಂತ ತಾನಾಗಿ ಒಪ್ಪುವುದಿಲ್ಲ. ಒಂದು ವರ್ಷದ ಪರಿವರ್ತನಾ ಕೋರ್ಸ್ ಬೇಕಾಗಬಹುದು. ಇಲ್ಲಿ ಸನ್ನದು ಪಡೆದು ಕೆಲವು ವರ್ಷ ಕೆಲಸ ಮಾಡಿದ್ದರೆ, ಬೇರೆ ದೇಶದ ವಕೀಲರಾಗಿ, ಬ್ಯಾರಿಸ್ಟರ್‌ಗಳ ನಿಯಂತ್ರಣ ಸಂಸ್ಥೆಯಾದ ಬಾರ್ ಸ್ಟ್ಯಾಂಡರ್ಡ್ಸ್ ಬೋರ್ಡಿನ ಹತ್ತಿರ ವಿನಾಯಿತಿ ಕೇಳಬಹುದು.

ಎಡವುವುದು ಪ್ಯುಪಿಲೇಜ್ ಹತ್ತಿರ. ಇಡೀ ಇಂಗ್ಲೆಂಡ್–ವೇಲ್ಸ್‌ನಲ್ಲಿ ವರ್ಷಕ್ಕೆ ಸಿಗುವುದು ಕೆಲವು ನೂರು. ಅರ್ಜಿ ಹಾಕುವವರು ಸಾವಿರಗಟ್ಟಲೆ. ದೊಡ್ಡ ಕಮರ್ಷಿಯಲ್ ಚೇಂಬರ್ಸ್ ಒಂದೊಂದೂ ವರ್ಷಕ್ಕೆ ಬೆರಳೆಣಿಕೆಯಷ್ಟು ಜನರನ್ನು ತೆಗೆದುಕೊಳ್ಳುತ್ತವೆ. ಗಾಂಧೀಜಿ 1891ರಲ್ಲಿ ಇನ್ನರ್ ಟೆಂಪಲ್‌ನಿಂದ ಬ್ಯಾರಿಸ್ಟರ್ ಆದಾಗ ಪರೀಕ್ಷೆ ಪಾಸಾಗಿ ಇನ್‌ನ ಊಟಗಳನ್ನು ಮುಗಿಸಿದರೆ ಸಾಕಿತ್ತು. ಈಗ ಪ್ಯುಪಿಲೇಜ್ ಇಲ್ಲದೆ ಬ್ಯಾರಿಸ್ಟರ್ ಅನ್ನುವ ಹೆಸರು ಇಟ್ಟುಕೊಂಡು ಅಲ್ಲಿ ವಾದ ಮಾಡಲು ಆಗುವುದಿಲ್ಲ. ಊರಿಗೆ ಬಂದು ವಾದಿಸೋಣ ಅಂದರೆ ಇಲ್ಲಿನ ಸನ್ನದು ಬೇಕೇ ಬೇಕು. ಸಾಲ ಮಾಡಿ ಬಾರ್ ಕೋರ್ಸ್ ಮುಗಿಸಿ, ಗೌನ್ ಹಾಕಿಕೊಂಡ ಫೋಟೋ ಮಾತ್ರ ಊರಿಗೆ ತಂದವರನ್ನು ನಾನು ನೋಡಿದ್ದೇನೆ. ಕೋರ್ಸಿಗೆ ಒಂದೊಂದು ಕಡೆ ಒಂದೊಂದು ಫೀಸು, ಹದಿನೈದು ಸಾವಿರ ಪೌಂಡಿನ ಆಸುಪಾಸು ಅಂತ ಇಟ್ಟುಕೊಳ್ಳಿ. ಲಂಡನ್ನಿನಲ್ಲಿ ಉಳಿಯುವ ಖರ್ಚು ಬೇರೆ. ಅದಕ್ಕೇ ಪ್ಯುಪಿಲೇಜ್ ಕೈಗೆ ಬರುವ ತನಕ ಬಾರ್ ಕೋರ್ಸಿಗೆ ದುಡ್ಡು ಕಟ್ಟಬೇಡಿ. ಕಮರ್ಷಿಯಲ್ ಚೇಂಬರ್ಸ್‌ನವರು ಪ್ಯುಪಿಲೇಜ್ ವರ್ಷಕ್ಕೆ ಒಳ್ಳೆಯ ಹಣ ಕೊಡುತ್ತಾರೆ. ದೊಡ್ಡ ಹೆಸರಿನ ಹಲವು ಕಡೆ ಅದು 75 ಸಾವಿರ ಪೌಂಡ್ ಮುಟ್ಟಿದೆ, ದಾಟಿದ್ದೂ ಇದೆ. ಅದರಲ್ಲಿ ಒಂದು ಭಾಗವನ್ನು ಬಾರ್ ಕೋರ್ಸಿನ ವರ್ಷವೇ ಮುಂಗಡ ತೆಗೆದುಕೊಳ್ಳಲು ಹಲವರು ಬಿಡುತ್ತಾರೆ. ಇನ್‌ಗಳ ಸ್ಕಾಲರ್‌ಶಿಪ್ ಬೇರೆ ಇದೆ.

ಹಾಗಾದರೆ ಮೊದಲ ಹೆಜ್ಜೆ ಯಾವುದು? ಆಕ್ಸ್‌ಫರ್ಡಿನ ಬಿಸಿಎಲ್ ಅಥವಾ ಕೇಂಬ್ರಿಡ್ಜ್‌ನ ಎಲ್‌ಎಲ್‌ಎಂ, ಎರಡೂ ಕಾನೂನಿನ ಸ್ನಾತಕೋತ್ತರ ಪದವಿ. ಕಮರ್ಷಿಯಲ್ ಚೇಂಬರ್ಸಿನವರು ಹುಡುಕುವ ಜನ ಅಲ್ಲೇ ಜಾಸ್ತಿ. ಪಾಠ ಮಾಡುವ ಅವಕಾಶವೂ ಅಲ್ಲೇ ಹುಟ್ಟುತ್ತದೆ. ಆ ಕೋರ್ಸ್ ಮುಗಿದು ಪ್ಯುಪಿಲೇಜ್ ಶುರುವಾಗುವ ನಡುವೆ ಒಂದೋ ಎರಡೋ ವರ್ಷ ಸಿಗುತ್ತದೆ. ಮನಸ್ಸು ಬಿಚ್ಚಿ ಕಲಿಸಬೇಕಾದ ವರ್ಷಗಳು ಅವೇ. ಆಗ ಕಲಿಸಿದ ವಿಷಯ ಮುಂದೆ ವಾದದಲ್ಲಿ ಉಪಯೋಗಕ್ಕೆ ಬರುತ್ತದೆ. ಚೇಂಬರ್ಸಿನವರೂ ಅದನ್ನು ಮೆಚ್ಚುತ್ತಾರೆ. ಇಪ್ಪತ್ತು ವರ್ಷ ಆದಮೇಲೆ, ಕೆಸಿ (ಕಿಂಗ್ಸ್ ಕೌನ್ಸೆಲ್, ಅಂದರೆ ಅಲ್ಲಿನ ಹಿರಿಯ ವಕೀಲ) ಆಗಿ ಕ್ಲರ್ಕ್ ನಿಮ್ಮ ಮಾತು ಕೇಳುವ ಹಂತ ಬಂದರೆ, ಮತ್ತೆ ಪಾಠಕ್ಕೆ ಹಿಂತಿರುಗಬಹುದು.

ಸ್ಕಾಲರ್‌ಶಿಪ್ ಆಯ್ಕೆ ಮಾಡುವಾಗ ಹುಷಾರು. ಬ್ರಿಟಿಷ್ ಸರ್ಕಾರದ ಚೆವನಿಂಗ್ ಪಡೆದವರು ಕೋರ್ಸ್ ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ಮರಳಬೇಕು. ಪ್ಯುಪಿಲೇಜ್ ಲೆಕ್ಕಾಚಾರ ಅಲ್ಲೇ ತಲೆಕೆಳಗಾಗುತ್ತದೆ. ಆಕ್ಸ್‌ಫರ್ಡಿನಲ್ಲಿ ಓದಲು ಕೊಡುವ ರೋಡ್ಸ್‌ಗೆ ಆ ಕಟ್ಟು ಇಲ್ಲ. ಹಾಫ್‌ಮನ್ ಆಕ್ಸ್‌ಫರ್ಡಿಗೆ ಬಂದಿದ್ದೂ ರೋಡ್ಸ್ ಮೇಲೆಯೇ. ಮಾವನವರು ಖಂಡಿತ ಕೇಳುವ ವೀಸಾ ಪ್ರಶ್ನೆಯೂ ಇದೆ. ಬ್ಯಾರಿಸ್ಟರ್ ನೌಕರರಲ್ಲವಾದ್ದರಿಂದ ಕಂಪನಿ ಸ್ಪಾನ್ಸರ್ ಮಾಡಿದಷ್ಟು ಸಲೀಸಲ್ಲ. ಪ್ಯುಪಿಲೇಜಿಗೆ ಅಲ್ಲಿನ ಬಾರ್ ಕೌನ್ಸಿಲ್ ಮೂಲಕ ಒಂದು ದಾರಿ ಇದೆ. ಅದರಾಚೆಗೆ ಏನು ಅಂತ ಅರ್ಜಿ ಹಾಕುವ ಮೊದಲೇ ಪ್ರತಿ ಚೇಂಬರ್ಸಿಗೂ ಈಮೇಲ್ ಮಾಡಿ ಕೇಳಿ. ಕೇಳಿದರೆ ತಪ್ಪು ತಿಳಿಯುತ್ತಾರೆ ಅನ್ನುವ ಸಂಕೋಚ ಬೇಡ.

ಪ್ಯುಪಿಲೇಜ್ ಅರ್ಜಿಯ ಕಿಟಕಿ ಜನವರಿಯಲ್ಲಿ ತೆರೆಯುತ್ತದೆ, ಕೆಲಸ ಶುರುವಾಗುವುದು ಒಂದೂವರೆ ವರ್ಷವೋ ಅದಕ್ಕಿಂತ ಜಾಸ್ತಿಯೋ ಆದಮೇಲೆ. ನಿಮಗೆ ಹೊತ್ತಿದೆ. ಈ ರಜೆಯಲ್ಲಿ ಅಕಿಲಿಯಸ್ ತೀರ್ಪನ್ನು ಪೂರ್ತಿ ಓದಿ. ಅದೇ ಹಡಗಿನ ಜಗಳ ನಮ್ಮ ಕರಾರು ಕಾಯ್ದೆಯ 73ನೇ ಸೆಕ್ಷನ್ ಕೆಳಗೆ ಬೆಂಗಳೂರಿನಲ್ಲಿ ನಡೆದಿದ್ದರೆ 13 ಲಕ್ಷ ಸಿಗುತ್ತಿತ್ತಾ, ಒಂದೂವರೆ ಲಕ್ಷವಾ ಅಂತ ಎಂಟು ಪುಟ ಬರೆಯಿರಿ. ಯಾವುದಾದರೂ ಅರ್ಜಿಗೆ ಬರವಣಿಗೆಯ ಮಾದರಿ ಕೇಳಿದರೆ ಉಪಯೋಗಕ್ಕೆ ಬಂದೀತು. ಬರೆದ ಮೇಲೆ ಮೊದಲು ಮಾವನವರಿಗೆ ತೋರಿಸಿ. ಕೋರ್ಟಿನಲ್ಲಿ ಸವೆದವರು ಅದರಲ್ಲಿ ಎಲ್ಲಿ ತೂತಿದೆ ಅಂತ ಐದು ನಿಮಿಷದಲ್ಲಿ ಹೇಳುತ್ತಾರೆ.